‘ಗುಳೆ ಹೋಗಬೇಡಿ’ ಎನ್ನುವ ಮೊದಲು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ವಾರವಾಗಿತ್ತು. ರಾಯಚೂರು ಜಿಲ್ಲೆಯ ನಮ್ಮೂರಿನ ಶಾಲೆಯವರು ಕರೆದು, ಮಕ್ಕಳಿಗೂ ಪಾಲಕರಿಗೂ ನಾಲ್ಕು ಮಾತು ಹೇಳಿ ಅಂದರು. ನಾನು ಅದೇ ಶಾಲೆಯಲ್ಲಿ ಓದಿದವನು, ಈಗ ಬೆಂಗಳೂರಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಊರಿಗೆ ಅಷ್ಟು ಸಾಕು, ಶಾಲು ಹೊದಿಸಿ ಕೂರಿಸಿದರು. ಮುಂದೆ ಮಕ್ಕಳು ಕೂತಿದ್ದರು, ಹಿಂದೆ ಗೋಡೆಗೆ ಒರಗಿ ತಾಯಂದಿರು ನಿಂತಿದ್ದರು. ಇನ್ನೆರಡು ವಾರದಲ್ಲಿ ಅವರಲ್ಲಿ ಅನೇಕರು ಗಂಟುಮೂಟೆ ಕಟ್ಟಿ ಹೊರಡುವವರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: ಗುಳೆ ಹೋಗಬೇಡಿ. ಮಕ್ಕಳ ಓದು ಕೆಡುತ್ತದೆ, ಊರು ಹಾಳು ಬೀಳುತ್ತದೆ, ಪಟ್ಟಣದಲ್ಲಿ ನಿಮ್ಮನ್ನು ಕೇಳುವವರಿಲ್ಲ. ಚಪ್ಪಾಳೆ ಬಿತ್ತು.

ಆಮೇಲೆ ಚಹಾ ಕುಡಿಯುತ್ತ ನಿಂತಾಗ ಹೆಣ್ಣುಮಗಳೊಬ್ಬರು ಹತ್ತಿರ ಬಂದರು. ‘ಸರ, ನೀವು ಊರಿಗೆ ಯಾವಾಗ ಬರ್ತೀರಿ?’ ಅಂದರು. ‘ಯುಗಾದಿಗೆ ಬರ್ತೀನ್ರಿ ಅಕ್ಕಾರ’ ಅಂದೆ. ‘ಹಂಗಲ್ರೀ. ಕಾಯಂ ಯಾವಾಗ ಬರ್ತೀರಿ ಅಂತ ಕೇಳಿದೆ.’

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅನಿಸುತ್ತದೆ. ನಾನು ನಕ್ಕು ಮಾತು ಬದಲಿಸಿದೆ. ಆ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅದೇ ದಾರಿಯಲ್ಲಿ ನಾನು ಊರು ಬಿಟ್ಟಾಗ ಯಾರೂ ತಡೆದಿರಲಿಲ್ಲ. ಹುಡುಗ ಉದ್ಧಾರ ಆದ ಅಂದಿದ್ದರು. ನಾನು ಹೋದರೆ ಅದಕ್ಕೆ ನೌಕರಿ ಎಂಬ ಹೆಸರು. ಎಂಜಿನಿಯರ್ ಹುಡುಗಿ ಅಮೆರಿಕಕ್ಕೆ ಹೋದರೆ ಅದು ಅವಕಾಶ. ಡಿ.ಸಿ. ಆಫೀಸಿನ ಗುಮಾಸ್ತರು ಜಿಲ್ಲೆಯಿಂದ ಜಿಲ್ಲೆಗೆ ಹೋದರೆ ಅದು ವರ್ಗಾವಣೆ. ಕೂಲಿಯವರು ಹೋದರೆ ಮಾತ್ರ ಗುಳೆ. ಬರ ಬಿದ್ದಾಗ, ದಂಡು ಬಂದಾಗ ಊರಿಗೆ ಊರೇ ಎದ್ದು ಹೋಗುವುದಕ್ಕೆ ಇದ್ದ ಆ ಪದವನ್ನು ನಾವು ಪ್ರತಿವರ್ಷದ ಒಂದು ದುಡಿಮೆಗೆ ಅಂಟಿಸಿಬಿಟ್ಟಿದ್ದೇವೆ. ಹೋಗುವವರು ತಮ್ಮ ಬಗ್ಗೆ ಹಾಗೆ ಹೇಳುವುದು ಕಡಿಮೆ. ‘ದುಡಿಯಾಕ ಹೋಗ್ಯಾರ’ ಅನ್ನುತ್ತಾರೆ. ಆ ಮಾತಿನಲ್ಲಿ ಕ್ರಿಯೆ ಇದೆ, ಕರ್ತೃ ಇದ್ದಾನೆ. ನಮ್ಮ ಪದದಲ್ಲಿ ಗಾಳಿಗೆ ತೂರಿಹೋದ ಹೊಟ್ಟು ಮಾತ್ರ ಇದೆ.

ಈ ಲೇಖನ ನನ್ನ ಆ ಭಾಷಣದ ವಿರುದ್ಧ. ಅಂಥ ಭಾಷಣಗಳು ಎಷ್ಟೋ ಶಾಲೆಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ಅಂಕಣಗಳಲ್ಲಿ ನಡೆಯುತ್ತಿವೆ. ನನ್ನ ತಕರಾರು ಇಷ್ಟೇ: ಹೋಗು ಎನ್ನುವವರು, ಹೋಗಬೇಡ ಎನ್ನುವವರು ಇಬ್ಬರೂ ಆ ಮನುಷ್ಯರಿಗೆ ಆಯ್ಕೆ ಇದೆ ಎಂದು ನಂಬಿಸುತ್ತಾರೆ. ಇರುವುದಕ್ಕೂ ಹೋಗುವುದಕ್ಕೂ ಎರಡಕ್ಕೂ ದಾರಿ ಇದ್ದಾಗ ಮಾತ್ರ ಅದನ್ನು ಆಯ್ಕೆ ಅನ್ನಬಹುದು. ಆ ದಾರಿಗಳನ್ನು ಕಟ್ಟಿ ಹಾಕಿದವರು ಯಾರು ಎಂದು ಕೇಳದೆ ಉಪದೇಶ ಮಾಡುವುದು ಅಪ್ರಾಮಾಣಿಕತೆ.

*

ಮೊದಲು ಊರಿನ ಲೆಕ್ಕ ನೋಡೋಣ. ನಮ್ಮ ಕಡೆಯ ಮಳೆಯಾಶ್ರಿತ ಹೊಲದಲ್ಲಿ ಜೂನ್-ಜುಲೈನಲ್ಲಿ ತೊಗರಿ ಬಿತ್ತಿದರೆ ಡಿಸೆಂಬರ್-ಜನವರಿಯಲ್ಲಿ ರಾಶಿ. ಹತ್ತಿ ಬಿಡಿಸುವುದು ಮುಗಿದ ಮೇಲೆ ಮುಂದಿನ ಮಳೆಯವರೆಗೆ ಒಣ ಹೊಲದಲ್ಲಿ ಕೂಲಿಯವರಿಗೆ ಏನೂ ಇಲ್ಲ. ಕಾಲುವೆ ಇದೆಯಲ್ಲ ಅನ್ನಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರನ್ನು ಕೇಳಿ ನೋಡಿ. ನೀರು ಬರುತ್ತದೆಂದು ನಕ್ಷೆಯಲ್ಲಿದೆ, ಹೊಲಕ್ಕೆ ಬರುವುದು ಮೇಲಿನವರ ಗದ್ದೆ ತುಂಬಿದ ಮೇಲೆ.

ಉದ್ಯೋಗ ಖಾತರಿ ಇತ್ತಲ್ಲ? ಇತ್ತು. 2005ರ ಆ ಕಾಯ್ದೆಯನ್ನು ನಾನು ಸುಮ್ಮನೆ ಹಗುರ ಮಾಡುವುದಿಲ್ಲ. 2006ರಲ್ಲಿ ಅದು ಮೊದಲು ಜಾರಿಗೆ ಬಂದ ದೇಶದ 200 ಜಿಲ್ಲೆಗಳಲ್ಲಿ ನಮ್ಮ ರಾಯಚೂರು, ಅಂದಿನ ಗುಲ್ಬರ್ಗ, ಬೀದರ ಸೇರಿದ್ದವು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬುದನ್ನು ಎಷ್ಟೋ ಊರುಗಳು ಮೊದಲ ಸಲ ಕಂಡದ್ದು ಅದರ ಕೆರೆ ಹೂಳೆತ್ತುವ ಕೆಲಸದಲ್ಲಿ. ಆದರೆ ಲೆಕ್ಕ ಲೆಕ್ಕವೇ. ನೂರು ದಿನ ಎಂದರೆ ತಲೆಗೆ ನೂರಲ್ಲ, ಇಡೀ ಕುಟುಂಬಕ್ಕೆ ನೂರು. 2025–26ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 370 ರೂಪಾಯಿ. ನೂರೂ ದಿನ ಕೆಲಸ ಸಿಕ್ಕಿ, ಒಂದು ದಿನವೂ ತಪ್ಪದೆ ದುಡ್ಡು ಬಂದರೆ ವರ್ಷಕ್ಕೆ 37,000. ತಿಂಗಳಿಗೆ ಹಂಚಿದರೆ ಮೂರು ಸಾವಿರ ಚಿಲ್ಲರೆ. ಇದರ ಮೇಲೆ ದಿನಕ್ಕೆರಡು ಸಲ ಮೊಬೈಲಿನಲ್ಲಿ ಹಾಜರಿ ಫೋಟೋ. ನೆಟ್‌ವರ್ಕ್ ಸಿಗದಿದ್ದರೆ ಮೈ ಬಗ್ಗಿಸಿದ್ದು ವ್ಯರ್ಥ. ಕೆಲಸ ಕೇಳಿ ಹದಿನೈದು ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂದು ಕಾಯ್ದೆಯಲ್ಲಿತ್ತು. ಅದನ್ನು ಪಡೆದವರನ್ನು ನಮ್ಮೂರಲ್ಲಿ ನಾನು ಕಂಡಿಲ್ಲ.

ಈಗ ಆ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಇನ್ನೊಂದನ್ನು ತಂದಿದೆ. ದಿನಗಳು 125 ಆದವು, ಒಳ್ಳೆಯದು. ಆದರೆ ಅದರಲ್ಲೇ ಇನ್ನೊಂದು ಮಾತಿದೆ: ಬಿತ್ತನೆ ಮತ್ತು ಕಟಾವಿನ ಭರಾಟೆಯ ಕಾಲದಲ್ಲಿ, ಒಟ್ಟು 60 ದಿನ, ಈ ಕೆಲಸ ನಡೆಯುವ ಹಾಗಿಲ್ಲ. ಕಾರಣ, ಹೊಲದ ಕೆಲಸಕ್ಕೆ ಆಳು ಸಿಗಬೇಕು. ಇದನ್ನು ನಿಧಾನವಾಗಿ ಓದಬೇಕು. ಕೂಲಿಯವರಿಗೆ ಯಾವಾಗ ಹೊಲದಲ್ಲಿ ಬೇಡಿಕೆ ಇರುತ್ತದೋ, ಯಾವಾಗ ಅವರು ‘ಇಷ್ಟು ಕೊಟ್ಟರೆ ಬರ್ತೀನಿ’ ಎಂದು ಚೌಕಾಶಿ ಮಾಡಬಲ್ಲರೋ, ಸರಿಯಾಗಿ ಆಗಲೇ ಸರ್ಕಾರ ತನ್ನ ಕೆಲಸವನ್ನು ನಿಲ್ಲಿಸುತ್ತದೆ. ಬೇರೆ ದಾರಿ ಇಲ್ಲದ ಆಳು ಅಗ್ಗದ ಆಳು. ‘ಆಳು ಸಿಗ್ತಿಲ್ಲ’ ಎಂಬ ಗೋಳನ್ನು ನಮ್ಮ ಕಡೆಯ ಪ್ರತಿ ಕಟ್ಟೆಯ ಮೇಲೂ ಕೇಳಿದ್ದೇನೆ. ನನ್ನ ನೆಂಟರೇ ಹೇಳುತ್ತಾರೆ: ಪುಕ್ಕಟೆ ಅಕ್ಕಿ ಕೊಟ್ಟು ಸೋಮಾರಿ ಮಾಡಿದರು. ಸೋಮಾರಿಯಾದವರು ಐನೂರು ಕಿಲೋಮೀಟರ್ ದೂರ ಹೋಗಿ ಕೇಬಲ್ ಗುಂಡಿ ತೋಡುತ್ತಾರೆಯೇ? ಆಳು ಸಿಗುತ್ತಿಲ್ಲ ಎಂಬ ವಾಕ್ಯ ಅರ್ಧದ್ದು. ‘ನಾವು ಕೊಡುವ ಕೂಲಿಗೆ, ನಾವು ಮಾತಾಡಿಸುವ ರೀತಿಗೆ’ ಎಂಬುದನ್ನು ಮುಂದೆ ಸೇರಿಸಿದರೆ ಪೂರ್ತಿಯಾಗುತ್ತದೆ.

ಕೆಲವರ ಪಾಲಿಗೆ ನಿರ್ಧಾರ ಇದಕ್ಕೂ ಮೊದಲೇ ಆಗಿರುತ್ತದೆ. ಮಗಳ ಮದುವೆಗೋ, ಆಸ್ಪತ್ರೆಗೋ ಮೇಸ್ತ್ರಿಯಿಂದ ಮುಂಗಡ ತಂದಿರುತ್ತಾರೆ. ಕಬ್ಬು ಕಡಿಯುವ ಗ್ಯಾಂಗು, ಇಟ್ಟಿಗೆ ಭಟ್ಟಿ ನಡೆಯುವುದೇ ಈ ಮುಂಗಡದ ಮೇಲೆ. ಮುಂಗಡ ಕೊಟ್ಟು ಒಬ್ಬರ ಓಡಾಟದ ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಅದು ಜೀತ ಎಂದು 1976ರ ಕಾಯ್ದೆಯೇ ಹೇಳುತ್ತದೆ. ಅಂಥವರ ಮುಂದೆ ನಿಂತು ನಾನು ‘ಹೋಗಬೇಡಿ’ ಅಂದೆ. ಅವರ ಮೇಸ್ತ್ರಿಗೆ ಹೇಳಬೇಕಿದ್ದ ಮಾತನ್ನು ಅವರಿಗೆ ಹೇಳಿದೆ.

*

ಇನ್ನು ನಗರ. ನಗರಕ್ಕೆ ಕೂಲಿ ಬೇಕು, ಕೂಲಿಯವರು ಬೇಡ. ಇದು ಹಳೆಯ ಮಾತು, ಆದರೂ 2020ನೇ ಇಸವಿ ಅದನ್ನು ಎಷ್ಟು ನಿಚ್ಚಳವಾಗಿ ತೋರಿಸಿತೆಂದರೆ ಮರೆಯುವುದು ಕಷ್ಟ.

ಆ ವರ್ಷದ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ತಗಡು, ಟಾರ್ಪಾಲಿನ ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬುದು ಆರೋಪ. ಆ ಶೆಡ್ಡುಗಳಲ್ಲಿ ಈಶಾನ್ಯ ರಾಜ್ಯಗಳ ಜನ ಇದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡ ಮಾತಾಡುವವರು ಆಧಾರ್ ಕಾರ್ಡು ಹಿಡಿದು ತಾವು ಈ ದೇಶದವರೆಂದು ತೋರಿಸಬೇಕಾಯಿತು. ಹೈಕೋರ್ಟು ಆ ಕ್ರಮವನ್ನು ಮೇಲ್ನೋಟಕ್ಕೇ ಅಕ್ರಮ ಎಂದಿತು. ಅಷ್ಟರಲ್ಲಿ ಮನೆ ನೆಲಸಮವಾಗಿತ್ತು.

ನಾಲ್ಕು ತಿಂಗಳು ಕಳೆದು ಮೇ ಬಂತು. ಲಾಕ್‌ಡೌನ್. ಅದೇ ಜನ ಈಗ ಊರಿಗೆ ಹೋಗುತ್ತೇವೆ ಎಂದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಮೊದಲು ಹೆಚ್ಚಿನ ದರ ಕೇಳಿದರು, ಗದ್ದಲವಾದ ಮೇಲೆ ಉಚಿತ ಮಾಡಿದರು. ಹೊರರಾಜ್ಯದ ಕಾರ್ಮಿಕರಿಗೆ ಹೊರಡಬೇಕಿದ್ದ ರೈಲುಗಳ ಕತೆ ಇನ್ನೂ ದೊಡ್ಡದು. ಮೇ 5ರಂದು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಮುಖ್ಯಮಂತ್ರಿಯ ಸಭೆ ನಡೆಯಿತು. ಅದೇ ದಿನ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶದೆಲ್ಲೆಡೆ ಟೀಕೆ ಎದ್ದ ಮೇಲೆ ಎರಡು ಮೂರು ದಿನದಲ್ಲಿ ಆ ತೀರ್ಮಾನ ಹಿಂದೆ ಸರಿಯಿತು. ಜನವರಿಯಲ್ಲಿ ‘ಇಲ್ಲಿಂದ ಎದ್ದು ಹೋಗಿ’ ಅಂದ ವ್ಯವಸ್ಥೆ ಮೇ ತಿಂಗಳಲ್ಲಿ ‘ಹೋಗಬೇಡಿ, ಕಟ್ಟಡ ಅರ್ಧಕ್ಕೆ ನಿಂತಿದೆ’ ಅಂದಿತು.

ಹಳ್ಳಿಯ ಜಮೀನ್ದಾರ ಮತ್ತು ನಗರದ ಬಿಲ್ಡರ್ ಬೇರೆ ಬೇರೆ ಮಾತಾಡುತ್ತಿದ್ದಾರೆಂದು ನಾವು ತಿಳಿದಿದ್ದೇವೆ. ಒಬ್ಬ ಸುಗ್ಗಿಯ ಹೊತ್ತಿಗೆ ‘ಹೋಗಬೇಡ’ ಅನ್ನುತ್ತಾನೆ, ಇನ್ನೊಬ್ಬ ಸ್ಲ್ಯಾಬ್ ಹಾಕುವ ಹೊತ್ತಿಗೆ ‘ಹೋಗಬೇಡ’ ಅನ್ನುತ್ತಾನೆ. ಆಕ್ಷೇಪ ಕೂಲಿಯವರ ಓಡಾಟಕ್ಕಲ್ಲ, ಅವರೇ ತೀರ್ಮಾನ ಮಾಡುವುದಕ್ಕೆ. ಭಾರತದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಅದರಲ್ಲಿ ಪದವೀಧರರಿಗೆ ಮಾತ್ರ ಎಂದು ಬರೆದಿಲ್ಲ.

*

ಕಾನೂನು ಈ ಜನರನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ತಮಿಳುನಾಡಿನ ಹೊಸೂರಿನಿಂದ ಬೆಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರ್. ಯಾದಗಿರಿಯಿಂದ ಸುಮಾರು ಐನೂರು. ಗುತ್ತಿಗೆದಾರನ ಮೂಲಕ ಬಂದ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಒಂದು ಕಾಯ್ದೆ ಬಂತು. ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆ, ಫೋಟೋ ಅಂಟಿಸಿದ ಪಾಸ್‌ಬುಕ್ಕು, ಎಲ್ಲ ಅದರಲ್ಲಿತ್ತು. ಆದರೆ ಅದು ಅಂತರ್‌ರಾಜ್ಯ ವಲಸಿಗರಿಗೆ. ಹೊಸೂರಿನವನು ಅದರೊಳಗೆ ಬರಬಲ್ಲ, ಯಾದಗಿರಿಯವನು ಬರಲಾರ, ಅವನು ರಾಜ್ಯದ ಗಡಿ ದಾಟಿಲ್ಲವಲ್ಲ! ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಯಾಗಿ ಆ ಕಾಯ್ದೆ ಹೊಸ ಸಂಹಿತೆಯೊಳಗೆ ಕರಗಿತು. ಗುತ್ತಿಗೆದಾರನಿಲ್ಲದೆ ತಾನಾಗಿ ಬಂದವನನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು, ಅದು ಸುಧಾರಣೆಯೇ. ರಾಜ್ಯದ ಗಡಿಯ ಷರತ್ತು ಮಾತ್ರ ಹಾಗೇ ಉಳಿಯಿತು. ಏಕೀಕರಣಕ್ಕಾಗಿ ಹೋರಾಡಿದ ನಾಡಿನಲ್ಲಿ ಇಡೀ ಕರ್ನಾಟಕ ದಾಟಿ ಬಂದ ಕನ್ನಡಿಗ ಕೂಲಿಕಾರ ವಲಸಿಗನೂ ಅಲ್ಲ, ನಿವಾಸಿಯೂ ಅಲ್ಲ.

ಎಣಿಕೆಯಲ್ಲೂ ಹೀಗೆಯೇ. 2011ರ ಜನಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ನಮ್ಮ ಕಡೆ ಮನೆಗಳಿಗೆ ಬೀಗ ಬಿದ್ದು, ಮುದುಕರು ಮಾತ್ರ ಕಟ್ಟೆಯ ಮೇಲೆ ಕೂತಿರುವ ಕಾಲ ಅದು. ವರ್ಷದಲ್ಲಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಬದುಕುವವರಿಗೆ ಆ ನಮೂನೆಯಲ್ಲಿ ಒಂದು ಕಲಮೂ ಇರಲಿಲ್ಲ. ಎಣಿಕೆಗೆ ಸಿಗದವರಿಗೆ ಯೋಜನೆ ಸಿಗುವುದಿಲ್ಲ. ಅವರನ್ನು ತಪ್ಪದೆ ಎಣಿಸುವ ದಿನ ಒಂದೇ, ಮತದಾನದ ದಿನ. ಆಗ ಊರಿನಿಂದ ವಾಹನಗಳೇ ಬೆಂಗಳೂರಿಗೆ ಬಂದು ಕರೆದೊಯ್ಯುತ್ತವೆ.

*

ಇಷ್ಟು ಹೇಳಿದ ಮೇಲೆ ನನ್ನನ್ನು ಇನ್ನೊಂದು ಗುಂಪು ತಬ್ಬಿಕೊಳ್ಳಬಹುದು. ಹಳ್ಳಿಯೆಂದರೆ ಜಾತಿಯ ಕೂಪ, ನಗರವೆಂದರೆ ಬಿಡುಗಡೆ, ಎಲ್ಲರೂ ಬೇಗ ಬಂದರೆ ಒಳ್ಳೆಯದು ಎನ್ನುವವರು. ಅವರ ಮಾತಿನಲ್ಲಿ ಭಾರವಿದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಆರಾಧಕರನ್ನು ನೇರವಾಗಿ ಎದುರಿಸಿದರು. ಸಂಕುಚಿತತೆಯ, ಅಜ್ಞಾನದ ಗೂಡನ್ನು ಗಣರಾಜ್ಯದ ಘಟಕ ಮಾಡಲಿಲ್ಲವೆಂದು ಅವರು ಸಂತೋಷಪಟ್ಟರು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರಿನಿಂದ ಬಂದ ಹುಡುಗನಿಗೆ, ಯಾರ ಮಗ ಎಂದು ಕೇಳದೆ ಚಹಾ ಕೊಡುವ ಬೆಂಗಳೂರಿನ ಗಾಡಿ ಅಂಗಡಿ ಸಣ್ಣ ಸಂಗತಿಯಲ್ಲ. ಊರಲ್ಲಿ ಗೌಡರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನಿಗೆ ‘ನಿನ್ನ ಬೇರು ಇಲ್ಲೇ ಇದೆ, ಹೋಗಬೇಡ’ ಎಂದು ಹೇಳುವ ಸಾಹಿತಿಯ ಮೇಲೆ ನನಗೂ ಸಿಟ್ಟಿದೆ.

ಆದರೆ ಬಿಡುಗಡೆ ಎಂಬ ಪದವನ್ನು ಅಷ್ಟು ಅಗ್ಗಕ್ಕೆ ಬಿಕರಿ ಮಾಡಬಾರದು. ಮೇಸ್ತ್ರಿಯ ಗುಂಪು ಸೇರುವುದೂ ಬಹಳ ಸಲ ಊರಿನ ಓಣಿಯ ಲೆಕ್ಕದಲ್ಲಿಯೇ. ಶೆಡ್ಡಿನ ಹೆಣ್ಣುಮಕ್ಕಳು ಬೆಳಗಿನ ಕತ್ತಲಲ್ಲಿ ಮರೆಯ ಜಾಗ ಹುಡುಕುತ್ತಾರೆ, ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಅಪಾರ್ಟ್‌ಮೆಂಟಿನ ಪ್ರತಿ ಮನೆಯಲ್ಲೂ ಮೂರು ಶೌಚಾಲಯ ಇರುತ್ತವೆ. ಕಟ್ಟಡ ಮುಗಿದ ದಿನ ಅವರ ವಿಳಾಸವೂ ಮುಗಿಯುತ್ತದೆ. ಅಂಬೇಡ್ಕರ್ ಹೇಳಿದ್ದು ವ್ಯಕ್ತಿಯನ್ನು ಘಟಕ ಮಾಡಿ ಎಂದು. ನಗರ ಇವರನ್ನು ವ್ಯಕ್ತಿ ಎಂದು ಎಣಿಸಿಲ್ಲ, ತಲೆ ಎಂದು ಎಣಿಸಿದೆ: ‘ನಾಳೆ ಹತ್ತು ತಲೆ ಬೇಕು.’

*

ಇದನ್ನು ಓದುವವರಲ್ಲಿ ಹೆಚ್ಚಿನವರು ಸಾಹಿತ್ಯದ ವಿದ್ಯಾರ್ಥಿಗಳು. ಹಾಗಾಗಿ ನಮ್ಮ ಮನೆಯೊಳಗಿನ ಒಂದು ಮಾತು. ಊರಿಗೆ ಮರಳುವ ಕನಸನ್ನು ನಮಗೆ ಕಲಿಸಿದವರಲ್ಲಿ ಶಿವರಾಮ ಕಾರಂತರು ದೊಡ್ಡವರು. ‘ಮರಳಿ ಮಣ್ಣಿಗೆ’ಯ ರಾಮ ಓದು, ಚಳವಳಿ, ಮದರಾಸು, ಮುಂಬಯಿ ಎಲ್ಲ ಸುತ್ತಿ ಕಡಲ ತೀರದ ತನ್ನ ಊರಿಗೆ ಹಿಂತಿರುಗುತ್ತಾನೆ. ತರಗತಿಯಲ್ಲಿ ಆ ಕಾದಂಬರಿಯನ್ನು ಪಾಠ ಮಾಡುವಾಗ ನಾನೂ ಗದ್ಗದಿತನಾಗಿದ್ದೇನೆ. ಆದರೆ ಅದೇ ಕಾರಂತರು ಅದಕ್ಕೂ ಮೊದಲು ‘ಚೋಮನ ದುಡಿ’ ಬರೆದಿದ್ದರು. ಚೋಮನ ಹತ್ತಿರ ಎತ್ತುಗಳಿವೆ, ಉಳುವ ಆಸೆ ಇದೆ, ಮೈಯಲ್ಲಿ ಶಕ್ತಿ ಇದೆ. ಭೂಮಿ ಇಲ್ಲ, ಅವನ ಜಾತಿಗೆ ಅದು ಕೂಡದು. ಸಾಲ ತೀರಿಸಲು ಅವನ ಮಕ್ಕಳು ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಹೋದವರ ಗತಿ ಏನಾಯಿತೆಂದು ಓದಿದವರಿಗೆ ಗೊತ್ತು.

ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ರಾಮನಿಗೆ ಮರಳಲು ಮಣ್ಣಿತ್ತು. ಚೋಮ ಮಣ್ಣನ್ನು ಬಿಟ್ಟು ಹೋಗಲೇ ಇಲ್ಲ, ಮಣ್ಣೇ ಅವನದಾಗಲಿಲ್ಲ. ನಾವು ಸಭೆಗಳಲ್ಲಿ ರಾಮನ ಕತೆಯನ್ನು ಚೋಮನ ಮೊಮ್ಮಕ್ಕಳಿಗೆ ಹೇಳುತ್ತಿದ್ದೇವೆ.

ಇದು ಬರೀ ಕಾದಂಬರಿಯ ಮಾತಲ್ಲ. 1974ರ ಭೂಸುಧಾರಣೆ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಕೊಡಿಸಿತು, ಕರ್ನಾಟಕದ ದೊಡ್ಡ ಸಾಧನೆಗಳಲ್ಲಿ ಅದೊಂದು. ಗೇಣಿಯೂ ಇಲ್ಲದ, ಬರೀ ಕೂಲಿ ಮಾಡುತ್ತಿದ್ದವರ ಮನೆ ಬಾಗಿಲಿಗೆ ಅದು ಬರಲಿಲ್ಲ. ಇಂದು ರಾಯಚೂರಿನ, ಯಾದಗಿರಿಯ ಬಸ್ ನಿಲ್ದಾಣದಲ್ಲಿ ಗಂಟು ಹಿಡಿದು ಕೂತವರಲ್ಲಿ ಅಂಥ ಮನೆಗಳವರು ಎಷ್ಟೋ ಮಂದಿ. 2020ರಲ್ಲಿ, ಕಾರ್ಮಿಕರು ಊರಿಗೆ ನಡೆಯುತ್ತಿದ್ದ ಅದೇ ವರ್ಷದಲ್ಲಿ, ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. ಕೃಷಿಕರಲ್ಲದವರೂ, ಆದಾಯ ಎಷ್ಟೇ ಇದ್ದರೂ, ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಈಗ ವಾರಾಂತ್ಯದಲ್ಲಿ ಮಣ್ಣಿಗೆ ಮರಳುವವರು ಇದ್ದಾರೆ. ಅವರ ತೋಟದ ಕಾಂಪೌಂಡ್ ಕಟ್ಟುವ ಕೂಲಿಗಳು ಮಣ್ಣು ಇಲ್ಲದೆ ಬಂದವರು. ಮಣ್ಣಿಗೆ ಮರಳುವುದು ಇವತ್ತು ಹಣ ಇದ್ದವರ ಹವ್ಯಾಸ.

*

ಹಾಗಾದರೆ ಏನು ಮಾಡಬೇಕು? ‘ಗುಳೆ ತಡೆಯಿರಿ’ ಎಂಬ ಘೋಷಣೆಯನ್ನು ಮೊದಲು ಕೈಬಿಡಬೇಕು. ತಡೆಯುವುದು ಪೊಲೀಸರ ಭಾಷೆ. ಕೇಳಬೇಕಾದದ್ದು ಎರಡು: ಇರಬೇಕೆನ್ನುವವರಿಗೆ ಇರುವ ದಾರಿ, ಹೋಗಬೇಕೆನ್ನುವವರಿಗೆ ಮಾನದಿಂದ ಹೋಗಿ ಬರುವ ದಾರಿ.

ಇರುವ ದಾರಿ ಎಂದರೆ ಕೂಲಿ ತಲೆಗೆ ಲೆಕ್ಕ ಹಾಕುವ ಕೆಲಸ, ಸುಗ್ಗಿಯ ಕಾಲದಲ್ಲೂ ನಿಲ್ಲದ ಕೆಲಸ, ಹೇಳಿದ ದಿನಕ್ಕೆ ಬರುವ ದುಡ್ಡು. ಅದಕ್ಕೂ ಮಿಗಿಲಾಗಿ ಕೂಲಿಯನ್ನು ದಾಟಿ ಹೋಗುವ ಬದುಕು. ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಬರೆದು ಕೊಟ್ಟಿತು. 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಹೆಸರಿನಲ್ಲಿ ಬಂದ ಕಲ್ಯಾಣ ತರಗತಿಗೆ ಇನ್ನೂ ಬಂದಿಲ್ಲ.

ಹೋಗಿ ಬರುವ ದಾರಿಯನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಮಾಲೀಕ ಪುಕ್ಕಟೆಯಾಗಿ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ವ್ಯವಸ್ಥೆ ಇರಬೇಕು, ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವಲ್ಲಿ ಅವರ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎಂದು 1996ರ ಕಾಯ್ದೆಯೇ ಬರೆದಿತ್ತು. ಬೆಂಗಳೂರಿನ ಯಾವ ಹೊರವಲಯಕ್ಕೆ ಬೇಕಾದರೂ ಹೋಗಿ, ಆ ಕಾಯ್ದೆಯನ್ನು ಕೈಯಲ್ಲಿ ಹಿಡಿದು ಶೆಡ್ಡುಗಳನ್ನು ನೋಡಿ ಬನ್ನಿ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಅಕ್ಕಿ ಮನುಷ್ಯನ ಹಿಂದೆ ನಡೆದು ಬರುವುದನ್ನು ಕಲಿಯಿತು. ಅಕ್ಕಿಗೆ ಸಾಧ್ಯವಾದದ್ದು ಅಂಗನವಾಡಿಗೆ, ಶಾಲೆಯ ಹಾಜರಿಗೆ, ಕಾರ್ಮಿಕ ಕಾರ್ಡಿಗೆ ಯಾಕೆ ಸಾಧ್ಯವಿಲ್ಲ? ಪಕ್ಕದ ಕೇರಳ ಹೊರಗಿನಿಂದ ಬಂದ ಕಾರ್ಮಿಕರಿಗೆ ‘ಆವಾಜ್’ ಎಂಬ ವಿಮೆ ಮಾಡಿದೆ, ಎರ್ನಾಕುಳಂ ಜಿಲ್ಲೆಯ ಶಾಲೆಗಳಲ್ಲಿ ಅವರ ಮಕ್ಕಳಿಗಾಗಿಯೇ ‘ರೋಶ್ನಿ’ ಎಂಬ ಕಾರ್ಯಕ್ರಮ ನಡೆಸಿದೆ. ಬೇರೆ ಭಾಷೆಯ ಮಕ್ಕಳಿಗಾಗಿ ಅವರು ಅಷ್ಟು ಮಾಡಬಲ್ಲರು. ನಮ್ಮದೇ ಭಾಷೆಯ ಮಗು ಸುರಪುರದಿಂದ ವರ್ತೂರಿಗೆ ಬಂದರೆ ನಮ್ಮ ಕನ್ನಡ ಶಾಲೆಗೆ ಅದರ ಹೆಸರು ಬರೆದುಕೊಳ್ಳಲು ಆಗುವುದಿಲ್ಲವೇ? ಮಕ್ಕಳಿಲ್ಲವೆಂದು ಕನ್ನಡ ಶಾಲೆ ಮುಚ್ಚುತ್ತಿವೆ ಎಂದು ಸಂಕಟ ಪಡುವ ನಾವು, ಪಕ್ಕದ ಮರಳಿನ ಗುಡ್ಡೆಯ ಮೇಲೆ ಆಡುತ್ತಿರುವ ಕನ್ನಡದ ಮಕ್ಕಳನ್ನು ಕಂಡೇ ಇಲ್ಲ. ಕನ್ನಡದ ಬಗ್ಗೆ ನಮಗಿರುವ ಕಾಳಜಿಯ ಪರೀಕ್ಷೆ ಅಲ್ಲಿದೆ, ಅಂಗಡಿಯ ಬೋರ್ಡುಗಳಲ್ಲಿ ಮಾತ್ರ ಅಲ್ಲ.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭ. ಪ್ರತಿ ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ಇವರ ಹೆಸರಿನಲ್ಲೇ ವಸೂಲಾಗುತ್ತದೆ. ಅದನ್ನು ಪಡೆಯಲು ವರ್ಷದಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ತಿಂಗಳಿಗೊಂದು ಸೈಟು ಬದಲಿಸುವವರಿಗೆ ಅದನ್ನು ಬರೆದು ಕೊಡುವವರು ಯಾರು? ಹಣ ಇರುವಲ್ಲಿ ಕಾಗದ ಇಲ್ಲ, ಕಾಗದ ಇರುವವರಲ್ಲಿ ಕೆಲವರು ಕರಣೆಯನ್ನೇ ಹಿಡಿದವರಲ್ಲ.

*

ಮತ್ತೆ ಆ ಚಹಾದ ಹೊತ್ತಿಗೆ ಬರುತ್ತೇನೆ. ನಾನು ನಕ್ಕು ಮಾತು ಬದಲಿಸಿದೆ ಅಂದೆನಲ್ಲ, ಆ ಹೆಣ್ಣುಮಗಳು ಅಲ್ಲಿಗೆ ಬಿಡಲಿಲ್ಲ. ಅವರು ಕೇಳಬೇಕೆಂದು ಬಂದದ್ದು ಬೇರೆಯೇ ಇತ್ತು. ‘ಹೋಗೂದು ಬಿಡೂದು ನಮ್ಮ ಕೈಯಾಗ ಇಲ್ರಿ ಸರ, ಮುಂಗಡ ತಗೊಂಡೀವಿ. ನನ್ನ ಮಗಳು ಈಗ ಏಳನೇತ್ತ. ಮುದುಕಿ ಹತ್ರ ಬಿಟ್ಟು ಹೋಗ್ಲೇನ್ರಿ, ಕರಕೊಂಡು ಹೋಗ್ಲೇನ್ರಿ? ಬಿಟ್ರ ಇಲ್ಲಿ ಆಕೀನ್ನ ಕಾಯೋರಿಲ್ಲ. ಕರಕೊಂಡು ಹೋದ್ರ ಅಲ್ಲಿ ಸಾಲಿ ಇಲ್ಲ. ನೀವು ಬೆಂಗಳೂರಾಗ ಇರೋರು, ಓದಿದೋರು. ಹೇಳ್ರಿ.’

ನಿಜವಾದ ಪ್ರಶ್ನೆ ಇದೇ. ನಮ್ಮ ಲೇಖನಗಳ ಹಳ್ಳಿಯೋ ನಗರವೋ ಎಂಬ ಪ್ರಶ್ನೆಗಿಂತ ಇದು ಸಣ್ಣದು, ಆದ್ದರಿಂದಲೇ ದೊಡ್ಡದು. ಒಬ್ಬ ತಾಯಿ ಹನ್ನೆರಡು ವರ್ಷದ ಮಗಳ ಸುರಕ್ಷತೆ ಮತ್ತು ಓದು, ಇವೆರಡರಲ್ಲಿ ಒಂದನ್ನು ಆರಿಸಬೇಕು. ಹದಿನೈದು ದಿನದೊಳಗೆ ಆರಿಸಬೇಕು. ಅರ್ಧ ಗಂಟೆ ಭಾಷಣ ಮಾಡಿದ್ದ ನನ್ನ ಹತ್ತಿರ ಇದಕ್ಕೆ ಒಂದು ವಾಕ್ಯವೂ ಇರಲಿಲ್ಲ. ವಿಚಾರಿಸಿ ಹೇಳುತ್ತೇನೆ ಅಂದು ಫೋನ್ ನಂಬರು ಬರೆದುಕೊಂಡೆ. ಬೆಂಗಳೂರಿಗೆ ಬಂದು, ಅವರು ಹೋಗಲಿದ್ದ ಸೈಟಿನ ಹತ್ತಿರದ ಎರಡು ಶಾಲೆಗಳಿಗೆ ಹೋಗಿ ಕೇಳಿದೆ. ಒಂದು ಕಡೆ ವರ್ಗಾವಣೆ ಪತ್ರ ತನ್ನಿ ಅಂದರು. ಇನ್ನೊಂದು ಕಡೆ, ಅಂಥ ಮಕ್ಕಳು ನಡುವೆ ಬಿಟ್ಟು ಹೋಗುತ್ತಾರೆ, ನಮ್ಮ ಹಾಜರಿ ಕೆಡುತ್ತದೆ ಅಂದರು. ಫೋನ್ ಮಾಡಿ ತಿಳಿಸುವಷ್ಟರಲ್ಲಿ ಅವರು ಹೊರಟಾಗಿತ್ತು. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು.

ನಾನಿನ್ನು ಯಾವ ಶಾಲೆಯಲ್ಲೂ ‘ಗುಳೆ ಹೋಗಬೇಡಿ’ ಎಂದು ಹೇಳುವುದಿಲ್ಲ. ಹೇಳಬೇಕಾದದ್ದು ಇದ್ದರೆ ಬೆಂಗಳೂರಿನಲ್ಲಿ ಹೇಳುತ್ತೇನೆ, ಆ ಎರಡು ಶಾಲೆಗಳಿಂದ ಶುರುಮಾಡಿ. ನಿಮ್ಮ ಮನೆಯ ಎದುರಿನ ಕಟ್ಟಡದ ಕೆಳಗೂ ಒಂದು ಶೆಡ್ಡು ಇರಬಹುದು. ಅಲ್ಲಿ ಮಕ್ಕಳಿದ್ದಾರೆಯೇ, ಹತ್ತಿರದ ಶಾಲೆಯಲ್ಲಿ ಅವರ ಹೆಸರಿದೆಯೇ ಎಂದು ಈ ವಾರ ಒಮ್ಮೆ ಹೋಗಿ ಕೇಳಿ ನೋಡಿ. ಅವರು ಎಲ್ಲಿರಬೇಕು ಎಂಬ ಚರ್ಚೆಯನ್ನು ಆಮೇಲೆ ಅವರ ಜೊತೆಯಲ್ಲೇ ಕೂತು ಮಾಡೋಣ.